ಒಂಟಿ ಸಾಲಿನ ಕಬ್ಬಿಣ

ಕೊಪ್ಪಳದ ನೆಲಕ್ಕೆ ಕಬ್ಬಿಣದ ನಂಟು ಬಲು ಹಳೆಯದು. ಗಂಗಾವತಿ ಬಳಿಯ ಹಿರೇಬೆಣಕಲ್ ಗುಡ್ಡದಲ್ಲಿ ಕಲ್ಲುಚಪ್ಪಡಿಯ ಸಮಾಧಿಗಳನ್ನು ಎಬ್ಬಿಸಿದವರು ಕಬ್ಬಿಣ ಯುಗದ ಜನ. ಇವತ್ತು ಗಿಣಿಗೇರಿಯ ಸುತ್ತ ಉಕ್ಕಿನ ಕುಲುಮೆಗಳು ಉರಿಯುತ್ತಿವೆ. ಇದೇ ಕಬ್ಬಿಣವನ್ನು ಪರಮಾಣು ಪರಮಾಣುವಾಗಿ ಬಿಡಿಸಿ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ? ಆಗಲೂ ಅದರಲ್ಲಿ ಕಾಂತತೆ ಉಳಿದೀತೇ? ಉತ್ತರ ಬೆರಗು ಹುಟ್ಟಿಸುವಂಥದ್ದು!

ಕಥೆ ಶುರುವಾದದ್ದು ಒಂದು ಬಿರುಕಿನಿಂದ. 1928, ಸ್ಕಾಟ್ಲೆಂಡಿನ ಗ್ರೇಂಜ್‌ಮತ್‌ನ ಬಣ್ಣದ ಕಾರ್ಖಾನೆ. ಪಾತ್ರೆಯ ಒಳಲೇಪ ಬಿರುಕುಬಿಟ್ಟು, ಬಿಸಿ ರಾಸಾಯನಿಕಕ್ಕೆ ಹೊರಗವಚದ ಕಬ್ಬಿಣ ತಾಗಿತು. ಒಳಗೆ ಗಾಢ ನೀಲಿ ವಸ್ತುವೊಂದು ಹುಟ್ಟಿಕೊಂಡಿತು. ಅದೇ ಕಬ್ಬಿಣದ ಥ್ಯಾಲೊಸಯನಿನ್. ಅದರ ತಾಮ್ರದ ಒಡಹುಟ್ಟು ನಿಮಗೆ ಚೆನ್ನಾಗಿ ಗೊತ್ತು: ಬಣ್ಣದ ಪತ್ರಿಕೆಗಳ ನೀಲಿ ಶಾಯಿಯಲ್ಲಿ ಸಾಮಾನ್ಯವಾಗಿ ಇರುವುದು ಅದೇ.

ಕಬ್ಬಿಣದ ಥ್ಯಾಲೊಸಯನಿನ್‌ನ ಅಣು ಚಪ್ಪಟೆ. ಅಗಲ ಒಂದೂಕಾಲು ನ್ಯಾನೊಮೀಟರಿಗಿಂತ ತುಸು ಹೆಚ್ಚು. ನಟ್ಟನಡುವೆ ನಾಲ್ಕು ನೈಟ್ರೋಜನ್‌ಗಳು ಹಿಡಿದಿಟ್ಟ ಒಂದೇ ಒಂದು ಕಬ್ಬಿಣದ ಪರಮಾಣು. ಕುಷ್ಟಗಿ, ಯಲಬುರ್ಗಾ ಕಡೆಯ ಖಾನಾವಳಿಗಳಲ್ಲಿ ಖಡಕ್ ರೊಟ್ಟಿಯನ್ನು ಒಂದರ ಮೇಲೊಂದು ತುಸು ವಾರೆಯಾಗಿ ಒಟ್ಟಿರುತ್ತಾರಲ್ಲ, ಅಣುಗಳೂ ಹಾಗೇ ಪೇರಿಕೊಳ್ಳುತ್ತವೆ. ಪ್ರತಿ ರೊಟ್ಟಿಯ ನಡುವೆ ಒಂದು ಕಬ್ಬಿಣದ ಚುಕ್ಕಿ. ಚುಕ್ಕಿಗಳೆಲ್ಲ ಸೇರಿ ಒಂದು ಸರಪಳಿ! ಪಕ್ಕದ ಸರಪಳಿ ಇರುವುದು ಎಷ್ಟೋ ದೂರದಲ್ಲಿ, ನಡುವೆ ಬಹುಪಾಲು ಇಂಗಾಲದ ಬಯಲು.

ಗಟ್ಟಿ ಕಬ್ಬಿಣದಲ್ಲಿ ಪ್ರತಿ ಪರಮಾಣುವಿಗೂ ಒತ್ತಿನಲ್ಲೇ ಎಂಟು ನೆರೆಯವರು. ಅದಕ್ಕೇ 770 ಡಿಗ್ರಿ ಸೆಲ್ಸಿಯಸ್ ದಾಟುವವರೆಗೂ ಅದರ ಕಾಂತತೆ ಪೂರ್ತಿ ಅಳಿಯದು. ಸರಪಳಿಯಲ್ಲಿ ಇರುವವರು ಇಬ್ಬರೇ, ಹಿಂದೊಬ್ಬ ಮುಂದೊಬ್ಬ. ಒಂದು ಕಡೆ ದಿಕ್ಕು ತಪ್ಪಿದರೆ ಸಾಲೇ ಇಬ್ಭಾಗ. ಇಂಥ ಒಂಟಿ ಸಾಲು, ಎಷ್ಟೇ ತಣ್ಣಗಿರಲಿ, ತಾನಾಗಿ ಶಾಶ್ವತ ಅಯಸ್ಕಾಂತವಾಗದು ಎಂದು ಅರ್ನ್‌ಸ್ಟ್ ಈಸಿಂಗ್ 1925ರಲ್ಲೇ ಲೆಕ್ಕ ಹಾಕಿ ತೋರಿಸಿದ್ದ.

ಆದರೂ ದ್ರವ ಹೀಲಿಯಂನ ಚಳಿಯಲ್ಲಿ, ಸೊನ್ನೆಗಿಂತ ಸುಮಾರು 269 ಡಿಗ್ರಿ ಕೆಳಗೆ, ಈ ನೀಲಿ ವಸ್ತುವಿನ ತೆಳು ಪದರ ನೆನಪಿಟ್ಟುಕೊಳ್ಳುತ್ತದೆ! ಹೊರಗಿನ ಅಯಸ್ಕಾಂತವನ್ನು ತೆಗೆದ ಮೇಲೂ ಅದು ತೋರಿದ ದಿಕ್ಕನ್ನು ಚೂರು ಹಿಡಿದುಕೊಂಡೇ ಇರುತ್ತದೆ. ಅಷ್ಟು ಚಳಿಯಲ್ಲಿ ಸಾಲು ಮುರಿಯುವಷ್ಟು ಶಾಖ ಸಿಗುವುದೇ ದುರ್ಲಭ; ಪಕ್ಕದ ಸರಪಳಿಗಳ ಕ್ಷೀಣ ಸೆಳೆತವೂ ನೆರವಾಗುತ್ತದೆ.

ಪೇರಿಕೆಯ ಬಗೆ ಬದಲಾದರೆ ಗುಣವೂ ಬದಲು. ಒಂದೇ ಅಣು ಹಲವು ಬಗೆಯಲ್ಲಿ ಪೇರಿಕೊಳ್ಳುತ್ತದಲ್ಲ, ತಾಮ್ರದ ಥ್ಯಾಲೊಸಯನಿನ್‌ನ ಅಂಥ ಬಹುರೂಪಗಳನ್ನು ನಮ್ಮ ಮೈಸೂರು ವಿಶ್ವವಿದ್ಯಾಲಯದ ಬಿ. ಎನ್. ಆಚಾರ್ ಮತ್ತು ಕೆ. ಎಸ್. ಲೋಕೇಶ್ ಅಧ್ಯಯನ ಮಾಡಿ 2004ರಲ್ಲಿ ಪ್ರಕಟಿಸಿದರು. ಕಬ್ಬಿಣದ ಸರಪಳಿಗಳ ವಿಚಾರದಲ್ಲಿ 2012ರಲ್ಲಿ ಅಮೆರಿಕದ ಥಾಮಸ್ ಗ್ರೆಡಿಗ್, ಇವಾನ್ ಶುಲ್ಲರ್ ತಂಡ ಇನ್ನೊಂದು ಸೋಜಿಗ ತೋರಿಸಿತು. ನಿರ್ವಾತದಲ್ಲಿ ಕಾಯಿಸಿದ ಪುಡಿ ಕರಗದೆ ನೇರ ಆವಿಯಾಗಿ ಹಾರಿ, ಹಾಸಿನ ಮೇಲೆ ಪದರವಾಗಿ ಕೂರುತ್ತದೆ. ಹಾಸು ನೀಲಮಣಿಯ ಹರಳಾದರೆ ಅಣುಗಳು ಅಂಚಿನ ಮೇಲೆ ನಿಲ್ಲುತ್ತವೆ, ಸರಪಳಿ ಅಡ್ಡ ಮಲಗುತ್ತದೆ. ಚಿನ್ನವಾದರೆ ಅಣುಗಳು ಅಂಗಾತ ಮಲಗುತ್ತವೆ, ಸರಪಳಿ ಎದ್ದು ನಿಲ್ಲುತ್ತದೆ! ಅದೇ ಕಬ್ಬಿಣ, ಅದೇ ಅಣು; ತಳದ ಹಾಸು ಬದಲಾದದ್ದಷ್ಟೇ, ಪದರದ ಕಾಂತತೆಯ ವರ್ತನೆಯೇ ಬದಲಾಯಿತು.