ಹಳೆಯ ಬಣ್ಣ, ಹೊಸ ಬೆಳಕು

2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿ ಹಾಗೂ ಕಾಟನ್ ಕ್ಯಾಂಡಿಗೆ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿದಾಗ ‘ರೋಡಮೈನ್-ಬಿ’ ಎಂಬ ಹೆಸರು ಊರೂರಿಗೂ ಗೊತ್ತಾಯಿತು. ಬಟ್ಟೆಗೆ ಹಾಕುವ ಬಣ್ಣವನ್ನು ಮಕ್ಕಳ ತಿಂಡಿಗೆ ಹಾಕುವುದು ತಪ್ಪೇ ಸರಿ. ಆದರೆ ಅದೇ ರೋಡಮೈನ್ ಮನೆತನದ ಅಣುಗಳು ಇಂದು ಜೀವಂತ ಕೋಶದ ಒಳಗನ್ನು ನೋಡಲು ವಿಜ್ಞಾನಿಗಳ ಕೈಯಲ್ಲಿರುವ ಅತ್ಯುತ್ತಮ ಸಾಧನಗಳಲ್ಲಿ ಒಂದು.

ಈ ಮನೆತನ ಹಳೆಯದು. ಜರ್ಮನಿಯ ಅಡಾಲ್ಫ್ ಫಾನ್ ಬಾಯರ್ 1871ರಲ್ಲಿ ಫ್ಲೋರೆಸೀನ್ ತಯಾರಿಸಿದರು. ಕಣ್ಣಿನ ಮೇಲಿನ ಗೀರು ಪತ್ತೆಹಚ್ಚಲು ನೇತ್ರವೈದ್ಯರು ಇಂದಿಗೂ ಬಳಸುವ ಕಿತ್ತಳೆ ಬಣ್ಣ ಅದೇ. ಹೆಚ್ಚುಕಡಿಮೆ ಅದೇ ಅಸ್ಥಿಪಂಜರದ ರೋಡಮೈನ್ 1880ರ ದಶಕದಲ್ಲಿ ಬಂತು. ಎರಡೂ ಪ್ರತಿದೀಪಕಗಳು. ಬೆಳಕಿನ ಕಣವೊಂದನ್ನು ಹೀರಿದ ಅಣುವಿನ ಎಲೆಕ್ಟ್ರಾನು ಮೇಲಿನ ಮಟ್ಟಕ್ಕೆ ಏರುತ್ತದೆ, ಕೆಲವೇ ನ್ಯಾನೋಸೆಕೆಂಡುಗಳಲ್ಲಿ ಕೆಳಗಿಳಿಯುತ್ತದೆ. ನಡುವೆ ಒಂದಿಷ್ಟು ಶಕ್ತಿ ಕಂಪನದಲ್ಲಿ ಸೋರಿಹೋಗುವುದರಿಂದ ಹೊರಬರುವ ಬೆಳಕಿನ ತರಂಗಾಂತರ ಹೆಚ್ಚಿರುತ್ತದೆ. ಬಿದ್ದ ಬೆಳಕನ್ನು ಸೋಸುಗಾಜಿನಿಂದ ತಡೆದರೆ ಕಪ್ಪು ಹಿನ್ನೆಲೆಯಲ್ಲಿ ಬಣ್ಣ ಅಂಟಿದ ಭಾಗಗಳು ಮಾತ್ರ ಹೊಳೆಯುತ್ತವೆ.

ಸತ್ತ ಕೋಶಕ್ಕೆ ಬಣ್ಣ ಹಾಕುವುದು ಸುಲಭ, ಅದರ ಪೊರೆಯನ್ನು ತೂತುಮಾಡಿದರಾಯಿತು. ಬದುಕಿರುವ ಕೋಶದ್ದು ಬೇರೆಯೇ ಮಾತು. ಬಣ್ಣ ಕೊಬ್ಬಿನ ಪೊರೆಯನ್ನು ತಾನಾಗಿಯೇ ದಾಟಬೇಕು. ಸಾವಿರಾರು ಬಗೆಯ ಪ್ರೋಟೀನುಗಳ ನಡುವೆ ಬೇಕಾದ ಒಂದನ್ನು ಮಾತ್ರ ಹಿಡಿಯಬೇಕು. ಕೋಶಕ್ಕೆ ವಿಷವಾಗಬಾರದು. ಬೆಳಕು ಬಿದ್ದು ಬಿದ್ದು ಬೇಗ ಮಾಸಬಾರದು. ಇವುಗಳಲ್ಲಿ ಒಂದನ್ನು ಸಾಧಿಸಹೋದರೆ ಇನ್ನೊಂದು ಕೈತಪ್ಪುತ್ತದೆ. ಚೆನ್ನಾಗಿ ಹೊಳೆಯುವ ಅಣುವಿಗೆ ಸಾಮಾನ್ಯವಾಗಿ ವಿದ್ಯುದಾವೇಶವಿರುತ್ತದೆ, ಆವೇಶವಿರುವ ಅಣುವನ್ನು ಪೊರೆ ಸುಲಭವಾಗಿ ಒಳಗೆ ಬಿಡುವುದಿಲ್ಲ.

ರೋಡಮೈನ್ ಈ ಬಿಕ್ಕಟ್ಟಿಗೆ ತನ್ನ ರಚನೆಯಲ್ಲೇ ಉತ್ತರ ಇಟ್ಟುಕೊಂಡಿದೆ. ಅದಕ್ಕೆ ಎರಡು ರೂಪಗಳಿವೆ. ಒಂದರಲ್ಲಿ ಅಣುವಿನೊಳಗೇ ಒಂದು ಉಂಗುರ ಮುಚ್ಚಿಕೊಳ್ಳುತ್ತದೆ. ಆಗ ಆವೇಶವೂ ಇಲ್ಲ, ಬಣ್ಣವೂ ಇಲ್ಲ. ಇನ್ನೊಂದರಲ್ಲಿ ಉಂಗುರ ತೆರೆದು ಬಣ್ಣ ಬರುತ್ತದೆ. ಮಡಚಿದ ಕೊಡೆ ಇಕ್ಕಟ್ಟಿನ ಬಾಗಿಲಲ್ಲಿ ನುಸುಳಿ ಒಳಗೆ ಹೋಗಿ ಬಿಚ್ಚಿಕೊಂಡ ಹಾಗೆ, ಮುಚ್ಚಿದ ರೂಪ ಪೊರೆಯನ್ನು ದಾಟುತ್ತದೆ, ಗುರಿಯ ಪ್ರೋಟೀನಿಗೆ ಅಂಟಿದ ಮೇಲೆ ತೆರೆದುಕೊಂಡು ಹೊಳೆಯುತ್ತದೆ. ಅಂಟದೆ ಅಲೆಯುವ ಅಣುಗಳು ಹೆಚ್ಚಾಗಿ ಕತ್ತಲಲ್ಲೇ ಉಳಿಯುವುದರಿಂದ ಚಿತ್ರ ಮಸುಕಾಗುವುದಿಲ್ಲ. ಅಣುವಿನ ನಡುವಿನ ಒಂದು ಆಮ್ಲಜನಕ ಪರಮಾಣುವಿನ ಜಾಗದಲ್ಲಿ ಸಿಲಿಕಾನ್ ಕೂರಿಸಿದರೆ ಈ ಗುಣ ಇನ್ನಷ್ಟು ಎದ್ದುಕಾಣುತ್ತದೆ. ರಸಾಯನಶಾಸ್ತ್ರಜ್ಞ ಕೈ ಯೋನ್ಸನ್ ಅವರ ತಂಡ 2013ರಲ್ಲಿ ಇದನ್ನು ತೋರಿಸಿತು. ಸಿಲಿಕಾನ್ ರೋಡಮೈನ್ ಸುಮಾರು 650 ನ್ಯಾನೋಮೀಟರಿನ ಕೆಂಪು ಬೆಳಕನ್ನು ಹೀರುತ್ತದೆ. ನೀಲಿ ಬೆಳಕಿಗಿಂತ ಕೆಂಪು ಬೆಳಕು ಕೋಶಕ್ಕೆ ಕಡಿಮೆ ಹಾನಿ ಮಾಡುತ್ತದೆ, ಅಂಗಾಂಶದಲ್ಲಿ ಹೆಚ್ಚು ಆಳಕ್ಕೂ ಇಳಿಯುತ್ತದೆ.

ಇನ್ನು ಹೊಳಪಿನ ಪ್ರಶ್ನೆ. ಪ್ರಯೋಗಾಲಯಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಟೆಟ್ರಾಮೀಥೈಲ್ ರೋಡಮೈನ್ ತಾನು ಹೀರಿದ ಪ್ರತಿ 100 ಬೆಳಕಿನ ಕಣಗಳಿಗೆ ಸುಮಾರು 41ನ್ನು ಮಾತ್ರ ವಾಪಸ್ ಕೊಡುತ್ತದೆ. ಅಣುವಿನ ಎರಡೂ ತುದಿಗಳಲ್ಲಿ ಒಂದೊಂದು ಸಾರಜನಕ, ಅದಕ್ಕೆ ಎರಡೆರಡು ಮೀಥೈಲ್ ಗುಂಪುಗಳಿವೆ. ಬೆಳಕು ಹೀರಿದೊಡನೆ ಈ ತುದಿ ತಿರುಚಿಕೊಳ್ಳುತ್ತದೆ, ಶಕ್ತಿ ಬೆಳಕಾಗದೆ ಶಾಖವಾಗಿ ಪೋಲಾಗುತ್ತದೆ. ಅಮೆರಿಕದ ವರ್ಜೀನಿಯಾದಲ್ಲಿರುವ ಜನೀಲಿಯಾ ಸಂಶೋಧನಾ ಕೇಂದ್ರದ ಲೂಕ್ ಲೇವಿಸ್ ತಂಡ ಆ ಮೀಥೈಲ್ ಜೋಡಿಯನ್ನು ತೆಗೆದು, ಸಾರಜನಕವನ್ನು ನಾಲ್ಕೇ ಪರಮಾಣುಗಳ ಪುಟ್ಟ ಉಂಗುರದಲ್ಲಿ ಸೇರಿಸಿತು. ತಿರುಚುವಿಕೆ ಬಹುಮಟ್ಟಿಗೆ ನಿಂತಿತು. 41 ಇದ್ದದ್ದು 88ಕ್ಕೆ ಏರಿತು. 2015ರಲ್ಲಿ ಪ್ರಕಟವಾದ ಈ ಕೆಲಸದಿಂದ ‘ಜನೀಲಿಯಾ ಫ್ಲೋರ್’ ಬಣ್ಣಗಳು ಹುಟ್ಟಿದವು. ತಂಡ ಅವನ್ನು ಇತರ ಪ್ರಯೋಗಾಲಯಗಳಿಗೂ ಉಚಿತವಾಗಿ ಹಂಚಿತು. ವಿಜ್ಞಾನ ಬೆಳೆಯುವುದು ಇಂಥ ಔದಾರ್ಯದಿಂದ.

ಬೇಕಾದ ಪ್ರೋಟೀನನ್ನೇ ಬಣ್ಣ ಹಿಡಿಯುವುದಾದರೂ ಹೇಗೆ? ಅದಕ್ಕೆ ತಳಿವಿಜ್ಞಾನದ ನೆರವು ಬೇಕು. ಬ್ಯಾಕ್ಟೀರಿಯಾದ ಕಿಣ್ವವೊಂದನ್ನು ಮಾರ್ಪಡಿಸಿ ರೂಪಿಸಿದ ‘ಹ್ಯಾಲೋಟ್ಯಾಗ್’ ಎಂಬ ಪ್ರೋಟೀನಿನ ಜೀನನ್ನು ನಮಗೆ ಬೇಕಾದ ಪ್ರೋಟೀನಿನ ಜೀನಿಗೆ ಬೆಸೆಯುತ್ತಾರೆ. ಕೋಶ ಎರಡನ್ನೂ ಒಟ್ಟಿಗೆ ತಯಾರಿಸುತ್ತದೆ. ಬಣ್ಣದ ಬಾಲಕ್ಕೆ ಕ್ಲೋರಿನ್ ಹೊತ್ತ ಸರಪಳಿ ಜೋಡಿಸಿದರೆ ಹ್ಯಾಲೋಟ್ಯಾಗ್ ಅದನ್ನು ಕಚ್ಚಿ ಹಿಡಿಯುತ್ತದೆ, ಮತ್ತೆ ಬಿಡುವುದಿಲ್ಲ. ಹೀಗೆ ಗುರುತು ಹಾಕಿದ ಒಂದೊಂದೇ ಪ್ರೋಟೀನ್ ಅಣು ಡಿಎನ್‌ಎ ಮೇಲೆ ಬಂದು ಕೂತು ಎದ್ದುಹೋಗುವುದನ್ನು, ಕೋಶ ಬದುಕಿರುವಾಗಲೇ, ಇಂದು ನೋಡಬಹುದು.

2014ರ ರಸಾಯನಶಾಸ್ತ್ರ ನೊಬೆಲ್ ಸೂಕ್ಷ್ಮದರ್ಶಕದ ದೃಷ್ಟಿಮಿತಿಯನ್ನು ಮೀರಿದ ಎರಿಕ್ ಬೆಟ್ಜಿಗ್, ಸ್ಟೆಫಾನ್ ಹೆಲ್ ಮತ್ತು ವಿಲಿಯಂ ಮೋರ್ನರ್ ಅವರಿಗೆ ಸಂದಿತು. ಅವರ ವಿಧಾನಗಳೆಲ್ಲ ನಿಂತಿರುವುದು ಪ್ರತಿದೀಪಕ ಅಣುಗಳ ಮೇಲೆ. ಲೆನ್ಸ್ ಎಷ್ಟೇ ದುಬಾರಿಯದ್ದಾಗಿರಲಿ, ಬಣ್ಣ ಮಾಸಿದ ಕ್ಷಣ ಚಿತ್ರವೂ ಮುಗಿಯಿತು. ಹೆಚ್ಚು ಬೆಳಕು ಸುರಿಯೋಣವೆಂದರೆ ಹುಟ್ಟುವ ವಿಷಕಾರಿ ಆಮ್ಲಜನಕ ರೂಪಗಳು ಕೋಶವನ್ನೇ ಕೊಲ್ಲುತ್ತವೆ. ಇನ್ನೂ ಹೆಚ್ಚು ಹೊತ್ತು ನೋಡಬೇಕಿದ್ದರೆ, ಇನ್ನೂ ಆಳಕ್ಕೆ ನೋಡಬೇಕಿದ್ದರೆ ಅಣುವನ್ನೇ ತಿದ್ದಬೇಕು. ಸೂಕ್ಷ್ಮದರ್ಶಕಕ್ಕೆಂದು ಕೋಟಿಗಟ್ಟಲೆ ಹಣ ಹೊಂದಿಸುವ ಸಂಸ್ಥೆಗಳು ಬಣ್ಣ ಕಟ್ಟುವ ರಸಾಯನಶಾಸ್ತ್ರಜ್ಞರಿಗೂ ಅದೇ ಕಟ್ಟಡದಲ್ಲಿ ಜಾಗ ಕೊಡಬೇಕು. ನಾಲ್ಕು ಪರಮಾಣುಗಳ ಒಂದು ಉಂಗುರ ಎಷ್ಟು ಕೆಲಸ ಮಾಡಬಲ್ಲದೆಂದು ಈಗ ಕಂಡಾಗಿದೆ.