ಟೈಲ್ಸ್ ಕೊಳ್ಳುವ ಮುಂಚೆ ಬಾಕ್ಸ್ ಓದಿ

ಮನೆ ರಿಪೇರಿ ಶುರುವಾದ್ರೆ ಸಾಕು, "ನೀನು ಇಂಜಿನಿಯರಿಂಗ್ ಓದ್ತಿದ್ದೀಯಲ್ಲ, ಯಾವ ಟೈಲ್ಸ್ ಗಟ್ಟಿ ಅಂತ ನೋಡಿ ಹೇಳಪ್ಪ" ಅಂತ ಮನೆಯಲ್ಲಿ ಕೇಳೇ ಕೇಳ್ತಾರೆ. ನಾವು ಕಂಪ್ಯೂಟರ್ ಸೈನ್ಸ್ ಅಂದ್ರೂ ಬಿಡಲ್ಲ! ಅಂಗಡಿಯಲ್ಲಿ ನೋಡಿದ್ರೆ ಎಲ್ಲವೂ ಒಂದೇ ಥರ ಹೊಳೀತಿರುತ್ತವೆ. ಒಮ್ಮೆ ಹಾಕಿಸಿದ ನೆಲವನ್ನು ಕಿತ್ತು ಮತ್ತೆ ಹಾಕಿಸೋದು ಸುಲಭದ ಖರ್ಚಲ್ಲ. ಹಾಗಾಗಿ ಬಣ್ಣ ನೋಡುವ ಮುಂಚೆ ಈ ನಾಲ್ಕು ವಿಷಯ ತಿಳಿದುಕೊಳ್ಳೋಣ.

ಮೊದಲನೆಯದು ನೀರು. ವಿಟ್ರಿಫೈಡ್ ಟೈಲ್ ತನ್ನ ತೂಕದ 0.5%ಗಿಂತ ಹೆಚ್ಚು ನೀರು ಹೀರಬಾರದು. ಗೋಡೆಗೆ ಹಾಕುವ ಸೆರಾಮಿಕ್ ಟೈಲ್ ಸಾಮಾನ್ಯವಾಗಿ 10%ಗಿಂತ ಹೆಚ್ಚು ಹೀರುತ್ತದೆ. ಅಂದ್ರೆ 1 ಕೆಜಿ ಟೈಲ್‌ಗೆ ಒಂದು ಕಡೆ 5 ಗ್ರಾಂ, ಇನ್ನೊಂದು ಕಡೆ 100 ಗ್ರಾಂಗೂ ಮೇಲೆ. ಸೂಕ್ಷ್ಮ ರಂಧ್ರಗಳು ಹೆಚ್ಚಿದ್ದಷ್ಟೂ ಬಲ ಕಡಿಮೆ. ಅಂಗಡಿಯಲ್ಲೇ ಟೈಲ್‌ನ ಹಿಂಬದಿಗೆ ಒಂದು ಹನಿ ನೀರು ಹಾಕಿ ನೋಡಿ. ತಕ್ಷಣ ಇಂಗಿದರೆ ಅದು ನೆಲಕ್ಕೆ ಬೇಡ.

ಎರಡನೆಯದು ಸವೆತ. ಚಪ್ಪಲಿಗೆ ಅಂಟಿ ಬರುವ ಮರಳಲ್ಲಿ ಕ್ವಾರ್ಟ್ಜ್ ಇರುತ್ತದೆ. ಮೋಸ್ ಮಾಪಕದಲ್ಲಿ ಅದರ ಗಡಸುತನ 7. ಗ್ಲೇಜ್ ಅದಕ್ಕಿಂತ ಮೃದುವಾಗಿದ್ದರೆ ಗೀರು ಬೀಳುತ್ತದೆ. ಗ್ಲೇಜ್ ಇರುವ ಟೈಲ್‌ಗಳಿಗೆ ಪಿಇಐ ಅನ್ನೋ ಸವೆತದ ಅಂಕಿ ಇರುತ್ತದೆ. ರೂಮಿಗೆ 3 ಸಾಕು, ಬಾಗಿಲ ಹತ್ತಿರ, ಹಾಲ್‌ನಲ್ಲಿ 4 ಇದ್ದರೆ ಒಳ್ಳೇದು.

ಮೂರನೆಯದು ಜಾರಿಕೆ. ಗಟ್ಟಿ ಟೈಲ್ ಹಾಕಿಸಿ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದರೆ ಏನು ಪ್ರಯೋಜನ? ಆರ್9ರಿಂದ ಆರ್13ರವರೆಗೆ ಇರುವ ಗುರುತಿನಲ್ಲಿ ಅಂಕಿ ಹೆಚ್ಚಾದಷ್ಟೂ ಹಿಡಿತ ಹೆಚ್ಚು. ಬಚ್ಚಲಿಗೆ ಕನಿಷ್ಠ ಆರ್10 ಇರುವ ಮ್ಯಾಟ್ ಟೈಲನ್ನೇ ಕೇಳಿ.

ಕೊನೆಯದು, ಎಲ್ಲರೂ ಮರೆಯೋದು: ಹಾಕುವ ಕೆಲಸ. ನೀರು ಕುಡಿಯದ ಟೈಲ್ ಸಿಮೆಂಟ್ ಹಾಲನ್ನೂ ಕುಡಿಯಲ್ಲ, ಹಾಗಾಗಿ ಬರೀ ಸಿಮೆಂಟಿಗೆ ಸರಿಯಾಗಿ ಹಿಡಿಯಲ್ಲ. ವಿಟ್ರಿಫೈಡ್‌ಗೆ ಟೈಲ್ ಅಡ್ಹೆಸಿವ್ ಬೇಕು. ಕೆಳಗೆ ಟೊಳ್ಳು ಉಳಿದರೆ ಏನಾಗುತ್ತೆ? ಮೇಲೆ ಬೀರು ಇಟ್ಟಾಗ ಟೈಲ್ ಬಾಗಲು ನೋಡುತ್ತದೆ, ಅಡಿಭಾಗಕ್ಕೆ ಟೆನ್ಷನ್ ಬೀಳುತ್ತದೆ. ಸೆರಾಮಿಕ್ ವಸ್ತು ಕಂಪ್ರೆಷನ್ ತಡೆದಷ್ಟು ಟೆನ್ಷನ್ ತಡೆಯಲ್ಲ ಅಂತ ನಾವು ಓದಿದ್ದೀವಲ್ಲ, ಅದೇ ಇಲ್ಲಿ ಬಿರುಕಾಗುತ್ತದೆ.

ಮೇಸ್ತ್ರಿಗೆ ಪೂರ್ತಿ ದುಡ್ಡು ಕೊಡುವ ಮುಂಚೆ ಒಂದು ನಾಣ್ಯ ಹಿಡಿದು ಪ್ರತಿ ಟೈಲನ್ನೂ ತಟ್ಟಿ. ಟೊಳ್ಳು ಸದ್ದು ಬಂದದ್ದನ್ನು ಆಗಲೇ ಬದಲಿಸಲು ಹೇಳಿ. ಹಾಗೇ ಅದೇ ಬ್ಯಾಚ್ ನಂಬರಿನ ಒಂದು ಬಾಕ್ಸ್ ಮನೆಯಲ್ಲಿ ಎತ್ತಿಡಿ. ಐದು ವರ್ಷದ ನಂತರ ಒಂದು ಟೈಲ್ ಒಡೆದರೆ ಅದೇ ಬಣ್ಣ ಅಂಗಡಿಯಲ್ಲಿ ಸಿಗೋದು ಕಷ್ಟ.