ಎಡ-ಬಲ ಅಣುಗಳು ಮತ್ತು ಬೆಳಕಿನ ಪರೀಕ್ಷೆ

ಎಡಗಾಲಿನ ಚಪ್ಪಲಿ ಬಲಗಾಲಿಗೆ ಹಿಡಿಯುವುದಿಲ್ಲ. ಕೆಲವು ರಾಸಾಯನಿಕಗಳ ಅಣುಗಳಲ್ಲಿಯೂ ಹೀಗೆ ಎಡ, ಬಲ ಎಂಬ ಎರಡು ರೂಪಗಳಿರುತ್ತವೆ. ಎರಡರಲ್ಲಿಯೂ ಇರುವ ಅಂಶಗಳು ಒಂದೇ. ಕೆಲಸ ಮಾತ್ರ ಬೇರೆ. ಮೆಟೊಲಾಕ್ಲೋರ್ ಎಂಬ ಕಳೆನಾಶಕದ ಶಕ್ತಿ ಬಹುಪಾಲು ಅದರ ‘ಎಸ್’ ರೂಪದಲ್ಲಿದೆ. ಆ ರೂಪವೇ ಹೆಚ್ಚಾಗಿರುವ ಔಷಧಿ 1990ರ ದಶಕದಲ್ಲಿ ಬಂದ ಮೇಲೆ ಸಿಂಪಡಿಸಬೇಕಾದ ಪ್ರಮಾಣ ಸುಮಾರು ಮೂರನೇ ಒಂದು ಭಾಗದಷ್ಟು ಇಳಿಯಿತು.

ಇಂತಹ ರೂಪಗಳನ್ನು ಬೆಳಕಿನಿಂದ ಗುರುತಿಸಬಹುದು. ಕಬ್ಬಿನ ರಸದ ಸಕ್ಕರೆಯು ಬೆಳಕಿನ ಕಂಪನದ ದಿಕ್ಕನ್ನು ಬಲಕ್ಕೆ ತಿರುಗಿಸುತ್ತದೆ. ಈ ತಿರುವನ್ನು ಪೋಲಾರಿಮೀಟರಿನಿಂದ ಅಳೆದು ಕಾರ್ಖಾನೆಯಲ್ಲಿ ಸಕ್ಕರೆಯ ಅಂಶ ತಿಳಿಯುತ್ತಾರೆ. ವಸ್ತು ಅತ್ಯಲ್ಪವಾಗಿದ್ದರೆ ತಿರುವು ಗೊತ್ತಾಗುವುದಿಲ್ಲ.

ಇದಕ್ಕೆ ನ್ಯಾನೊ ಸುರುಳಿಗಳು ನೆರವಾಗಬಲ್ಲವು. ಒಂದು ಮಿಲಿಮೀಟರಿನಲ್ಲಿ 10 ಲಕ್ಷ ನ್ಯಾನೊಮೀಟರುಗಳಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಂಬರೀಶ್ ಘೋಷ್ ಅವರ ತಂಡವು ಇಂತಹ ಸೂಕ್ಷ್ಮ ಸುರುಳಿಗಳ ಮೇಲೆ ಲೋಹದ ಕಣಗಳನ್ನು ಕೂರಿಸಿದೆ. ಎಡಕ್ಕೆ ಸುತ್ತುವ ಬೆಳಕು, ಬಲಕ್ಕೆ ಸುತ್ತುವ ಬೆಳಕು ಇವುಗಳಲ್ಲಿ ಬೇರೆ ಬೇರೆಯಾಗಿ ವರ್ತಿಸುತ್ತವೆ. ಅಣುಗಳ ಮಂದ ಗುರುತನ್ನು ಇವುಗಳ ಸಹಾಯದಿಂದ ಹೆಚ್ಚಿಸಿ ನೋಡುವುದು ಸಂಶೋಧಕರ ಆಶಯ.

ಬೆಂಗಳೂರಿನ ಕೊಳಚೆಯನ್ನು ಹೊತ್ತ ವೃಷಭಾವತಿ ಬೈರಮಂಗಲ ಕೆರೆಯನ್ನು ಸೇರುತ್ತದೆ. ಇಂತಹ ನೀರಿನಲ್ಲಿ ಔಷಧಿಯ ಶೇಷ ಎಷ್ಟಿದೆ ಎಂಬುದರೊಡನೆ ಯಾವ ರೂಪದ್ದೆಂಬುದನ್ನೂ ತಿಳಿಯಬೇಕು. ಏಕೆಂದರೆ ಸೂಕ್ಷ್ಮಜೀವಿಗಳು ಒಂದು ರೂಪವನ್ನು ಬೇಗ ಕರಗಿಸಿ ಇನ್ನೊಂದನ್ನು ಉಳಿಸಬಹುದು.

ಈ ವಿಧಾನ ಇನ್ನೂ ಪ್ರಯೋಗಾಲಯದಲ್ಲಿದೆ. ಆದುದರಿಂದ ರೈತ ಬಾಂಧವರು ಚೀಟಿಯಲ್ಲಿರುವ ಪ್ರಮಾಣವನ್ನೇ ಅಳೆದು ಬಳಸಬೇಕು. ಸಿಂಪಡಣಾ ಯಂತ್ರವನ್ನು ಕೆರೆ, ಕಾಲುವೆಗಳಲ್ಲಿ ತೊಳೆಯಬಾರದು.